ನಲವತ್ತೊಂದು ಸೆಕೆಂಡು

ಮಾರ್ಚ್ ಬಂತೆಂದರೆ ಮರಿಕಿನಾದ ಓಣಿಗಳಲ್ಲಿ
ಬ್ಯಾನರು ಕಟ್ಟುತ್ತೇವೆ: ಬೆಂಕಿ ತಡೆಯುವ ತಿಂಗಳು.
ಹಗ್ಗ ಬಿಗಿಯುವುದು ಕರೆಂಟಿನ ಕಂಬಕ್ಕೆ,
ಅಲ್ಲಿ ಗೂಡು ಕಟ್ಟಿದ ಕಳ್ಳ ತಂತಿಗಳ ಕೆಳಗೇ.
ನಗಬೇಡಿ. ಆ ಓಣಿಯಲ್ಲಿ ಬೇರೆ ಕಂಬವಿಲ್ಲ.

ನೀರಿನ ಲಾರಿಯವರು ಬೇರೆ. ಸೈರನ್ನು ಅವರದು,
ಮಕ್ಕಳು ಕೈಬೀಸುವುದೂ ಅವರಿಗೇ.
ನಾನು ಬೆಂಕಿ ಬೀಳುವ ಮೊದಲೇ ಬಾವಿ ತೋಡಲು ಬರುವವಳು,
ಅಂಥವಳಿಗೆ ಯಾರೂ ಅಂಗಳ ಬಿಟ್ಟುಕೊಡುವುದಿಲ್ಲ.
ಕಂಕುಳಲ್ಲಿ ಫೈಲು, ಕೈಯಲ್ಲಿ ಟಾರ್ಚು, ಅಳತೆಯ ಟೇಪು,
ಹೆಗಲ ಮೇಲೆ ಸರ್ಕಾರ.

ಆಲಿಂಗ್ ಪೆರ್ಪೆತುವಾಳ ಶೂ ಕಾರ್ಖಾನೆಯೆಂದರೆ
ಮನೆಯ ಕೆಳಗೊಂದು ಕೋಣೆ, ಹನ್ನೊಂದು ಜನ,
ಗೋಡೆಯುದ್ದಕ್ಕೂ ಅಚ್ಚಿನ ಮರದ ಪಾದಗಳು,
ಎಡ ಬಲ ಎಡ ಬಲ, ಎಲ್ಲಿಗೂ ಹೋಗದವು.
ಅಂಟಿನ ಡಬ್ಬಗಳು ಬಾಯ್ತೆರೆದು ಕೂತಿವೆ.
ಅದರ ವಾಸನೆ ಮೊದಲು ಹಲ್ಲಿಗೆ ತಾಗುತ್ತದೆ,
ಆಮೇಲೆ ಕಣ್ಣಿಗೆ, ಆಮೇಲೆ ಒಂದು ಸಣ್ಣ ಖುಷಿಯಾಗಿ ತಲೆಗೆ.
ಇಸಾಗನಿ ಎಂಬ ಹುಡುಗ ಬೆರಳಲ್ಲೇ ಅಂಟು ಸವರುತ್ತಾನೆ.
ಆ ಬೆರಳಲ್ಲಿ ಗೆರೆಗಳೇ ಉಳಿದಿಲ್ಲ.

ಬೆಂಕಿ ಆರಿಸುವ ಸಿಲಿಂಡರು?
ಇದೆ. ಬಾಲಯೇಸುವಿನ ಗೂಡಿನ ಪಕ್ಕ,
ಅವನಿಗೆ ಮುಡಿಸುವಾಗ ಅದಕ್ಕೂ ಒಂದೆಳೆ ಮಲ್ಲಿಗೆ.
ಮುಳ್ಳು ಕೆಂಪಿಗೆ ಬಿದ್ದು ಮೂರು ವರ್ಷ.
ಬರೆದುಕೊಂಡೆ.
ಕಿಟಕಿಗೆ ಸರಳು. ಬರೆದುಕೊಂಡೆ.
ಹಿಂಬಾಗಿಲು?
"ಇದೆಯಲ್ಲ ಮೇಡಂ."
ಇತ್ತು. ಅದಕ್ಕೊಂದು ಬೀಗವೂ ಇತ್ತು.
"ಕಳೆದ ಸಲ ಇಡೀ ಒಂದು ಸುರುಳಿ ಚರ್ಮ ಹೋಯಿತು.
ನಿಮ್ಮ ಬೆಂಕಿ ಯಾವತ್ತೋ ಒಂದು ದಿನ ಬಂದೀತು, ಮೇಡಂ,
ಕಳ್ಳ ವಾರಕ್ಕೊಮ್ಮೆ ಬರುತ್ತಾನೆ."

ಈ ಮಾತಿಗೆ ನನ್ನ ನಿಯಮದ ಪುಸ್ತಕದಲ್ಲಿ ಉತ್ತರವಿಲ್ಲ.
ಗಡಿಯಾರ ನೋಡಿ ಅಂದೆ:
ಈಗ ಬಿತ್ತು ಬೆಂಕಿ. ತೆಗೆಯಿರಿ.

ಅವಳು ನಕ್ಕಳು. ನಾನು ನಗಲಿಲ್ಲ.
ಕೊರಳಿಗೆ ಕೈ ಹಾಕಿದಳು. ಕಾರ್ಮೆಲ್ ಮಾತೆಯ ತಾಯಿತ,
ಅದಕ್ಕೆ ತೊಡರಿಕೊಂಡ ಮೂರು ಬೀಗದ ಕೈ.
ಮೊದಲನೆಯದು ಕಪಾಟಿನದು.
ಎರಡನೆಯದು ಯಾವುದರದೆಂದು ಅವಳಿಗೇ ಮರೆತಿದೆ.
ಹೊಲಿಗೆಯಂತ್ರಗಳು ಒಂದೊಂದಾಗಿ ನಿಂತವು,
ಯಾರೋ ಕೆಮ್ಮಿದರು,
ಬೀಗ ತೆರೆಯಿತು, ಬಾಗಿಲು ತೆರೆಯಲಿಲ್ಲ.
ಇಸಾಗನಿ ಹೆಗಲು ಕೊಟ್ಟು ನೂಕಿದ,
ಆಚೆ ಒರಗಿಸಿಟ್ಟ ಪಂಜರ ಉರುಳಿ
ಪಕ್ಕದ ಮನೆಯ ಜೂಜಿನ ಹುಂಜ ಕಿರುಚಿಕೊಂಡಿತು.

ನಲವತ್ತೊಂದು ಸೆಕೆಂಡು, ಅಂದೆ.
ಈ ಅಂಟಿಗೆ ಎಷ್ಟು ಸಾಕೆಂದು ಹೇಳಲಿಲ್ಲ,
ಅವರೂ ಕೇಳಲಿಲ್ಲ.

ಆಲಿಂಗ್ ಪೆರ್ಪೆತುವಾ ನನ್ನ ಕಾಲು ನೋಡಿದಳು.
"ಏಳನೇ ನಂಬರು. ಎಡಗಾಲು ತುಸು ಅಗಲ."
ಒಂದು ಪೆಟ್ಟಿಗೆ ತಂದಳು: ಕಪ್ಪು ಜೋಡು, ಗಿಡ್ಡ ಹಿಮ್ಮಡಿ.
ನನ್ನ ಇಲಾಖೆಯ ಬೂಟಿನ ಅಟ್ಟೆ ಬಾಯಿಬಿಟ್ಟಿತ್ತು.
"ಲಂಚವಲ್ಲ ಮೇಡಂ, ಕನಿಕರ."
ಬೇಡವೆಂದೆ. ಹದಿನೈದು ದಿನದ ನೋಟಿಸು ಬರೆದೆ.
ಕಾಗದ ತೂತಾಗುವಷ್ಟು ಒತ್ತಿ ಸಹಿ ಹಾಕಿದಳು.

ರಾತ್ರಿ ಕೋಣೆಗೆ ಬಂದು ಬೂಟು ಕಳಚಿ
ಎರಡೂ ಪಾದ ಅಕ್ಕಪಕ್ಕ ಇಟ್ಟು ನೋಡಿದೆ.
ಹೌದು, ಎಡಗಾಲು ಅಗಲ.
ಮೂವತ್ತೊಂಬತ್ತು ವರ್ಷ ಇದರ ಮೇಲೇ ನಿಂತಿದ್ದೇನೆ.

ಹದಿನಾರನೆಯ ದಿನ ಹೋದೆ.
ಬೀಗವಿಲ್ಲ. ಅದರ ಜಾಗದಲ್ಲಿ
ಅಂಟಿನ ಡಬ್ಬಗಳ ಮುಚ್ಚಳ ಪೋಣಿಸಿದ ಉದ್ದನೆ ಮಾಲೆ.
ಒಳಗಿನಿಂದ ಚಿಲಕ, ಬೆರಳಲ್ಲಿ ಎತ್ತಿದರೆ ಏಳುವಂಥದು.
"ಕಳ್ಳ ತಳ್ಳಿ ನೋಡಲಿ," ಎಂದು ಕಣ್ಣು ಹೊಡೆದಳು.
ಇಸಾಗನಿ ಚಿಲಕ ಎತ್ತಿ ನೂಕಿದ. ಓಣಿಯೆಲ್ಲ ಗಲಗಲ,
ಹುಂಜಕ್ಕೆ ಮತ್ತೆ ಬೆಳಗಾಯಿತು.
ನಾಲ್ಕು ಸೆಕೆಂಡು.
"ಬರೆದುಕೊಳ್ಳಿ ಮೇಡಂ, ಬರೆದುಕೊಳ್ಳಿ."

ಬರೆದುಕೊಂಡೆ: ಹಿಂಬಾಗಿಲು ತೆರೆಯುತ್ತದೆ.
ಸಿಲಿಂಡರಿನ ಮುಳ್ಳು ಇನ್ನೂ ಕೆಂಪಿನಲ್ಲೇ, ಮಲ್ಲಿಗೆ ಮಾತ್ರ ಹೊಸದು.
ಕಿಟಕಿಯ ಸರಳು ಹಾಗೇ.
ಅದನ್ನೂ ಬರೆದುಕೊಂಡೆ.
ಹೊರಡುವಾಗ ಅವಳು ಮತ್ತೆ ನನ್ನ ಕಾಲು ನೋಡಿದಳು,
ಏನೂ ಅನ್ನಲಿಲ್ಲ.